ಬೋರಲಿಂಗಯ್ಯನ ಬೋಗುಣಿಗಳು

ಮೈಸೂರು ರಸ್ತೆ ಅಗಲ ಮಾಡಲು ಮರ ಕಡಿಯತೊಡಗಿದಾಗಿನಿಂದ, ಚನ್ನಪಟ್ಟಣದ ಆಸುಪಾಸಿನಲ್ಲಿ ಎಲ್ಲಿ ಗರಗಸ ಕೂಗಿದರೂ ಬೋರಲಿಂಗಯ್ಯನ ಸೈಕಲ್ಲು ಹಾಜರು. ಆಲವೋ ಬಸರಿಯೋ, ತೊಡೆಗಾತ್ರದ ಕೊಂಬೆ ತಂದು, ಸೋರುವ ಹಾಲು ಒರೆಸಿ, ರೇಷ್ಮೆಗೂಡು ಬೇಯಿಸುತ್ತಿದ್ದ ಹಳೇ ಬೋಗುಣಿಯ ಮರಳಲ್ಲಿ ನೆಟ್ಟು ಬೋನ್ಸಾಯ್ ಮಾಡುವುದು ಅವನ ಹುಚ್ಚು. ಚಿಗುರುವ ತನಕ ಅಂಗಳದಲ್ಲಿ ಯಾರೂ ಸೀನುವಂತಿಲ್ಲ. "ಅಲ್ಲಾಡಿಸ್ಬ್ಯಾಡ ಕಣ್ಲಾ, ಬೇರು ಬುಡ್ತಾ ಐತೆ!" ಎಂದು ಕೋಳಿಗೂ ಗದರುತ್ತಾನೆ. ಆದರೆ ಅವ್ವ ಹೊಂಬಾಳಮ್ಮ ಮೂವತ್ತು ವರ್ಷ ನೆರಳಲ್ಲಿ ಕೂತು ಕಡಲೆಕಾಯಿ ಮಾರಿದ ಗೋಣಿಮರವೂ ರಸ್ತೆಗೆ ಹೋಗಿ, ಅದರ ಕೊಂಬೆ ನಾಲ್ಕು ತಿಂಗಳಾದರೂ ಚಿಗುರದಿದ್ದಾಗ ಅವನಿಗೆ ಮುದ್ದೆ ಇಳಿಯಲಿಲ್ಲ. ಮೊನ್ನೆ ಎರಡು ಎಲೆ ಬಂದವು. ಅವ್ವನ ಕೈಹಿಡಿದು ಕರೆತಂದು ತೋರಿಸಿದ. ಮುದುಕಿ ಬಗ್ಗಿ, ಎಲೆಯ ನೆರಳಿಗೆ ಹೆಬ್ಬೆಟ್ಟು ಒಡ್ಡಿದಳು: "ಇದಕ್ ನೆಳ್ಳಾಯ್ತು ಕಣ್ಲಾ ಮಗ, ಮಿಕ್ಕಿದ್ ಮೈಗೆ ಕಾಯ್ತೀನಿ."