ಹೂಂ ಅಕ್ಕ ಗವಸು ಬಿಡದ ಸಂಜೆ

ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹೂಂ ಅಕ್ಕ ಎಂದೇ. ಸುಮ್ಮನೆ ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ ಅವರ ಮಾತು ಮುಗಿಯುವ ಮೊದಲೇ ಅವಳ ಬಾಯಿಂದ ಹೂಂ ಜಾರಿಬಿಡುತ್ತಿತ್ತು. ಹೀಗೆ ಜಾರಿದ ಹೂಂಗಳಿಂದಾಗಿ ಪಕ್ಕದ ಮನೆಯವರ ಬೆಕ್ಕು ಅವಳ ಮನೆಯಲ್ಲಿ ಬೆಳೆಯಿತು, ನಾದಿನಿಯ ಮಕ್ಕಳ ಬಟ್ಟೆಯೆಲ್ಲ ಅವಳ ಕೈಯಲ್ಲೇ ಹೊಲಿಗೆ ಕಂಡಿತು. ಒಮ್ಮೆ ಗಂಡ ಸಿಟ್ಟಿನಲ್ಲಿ, "ನಿನಗೇನು ಬುದ್ಧಿ ಇಲ್ವಾ?" ಎಂದಾಗಲೂ ಹೂಂ ಎಂದಿದ್ದಳು. ಆಮೇಲೆ ಇಬ್ಬರೂ ಬಿದ್ದುಬಿದ್ದು ನಕ್ಕರು.

ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ಅದರಲ್ಲಿ ಎರಡು ಸಾಲು ಮೆಷಿನು. ಹೊಲಿಯುತ್ತಿದ್ದದ್ದು ಪರದೆ, ದಿಂಬಿನ ಚೀಲ, ಸೋಫಾದ ಹೊದಿಕೆ. ಸಂಜೆ ಗಂಟೆ ಬಾರಿಸಿದೊಡನೆ ಪ್ರತಿಯೊಬ್ಬಳೂ ತನ್ನ ಮೆಷಿನಿಗೆ ಬಟ್ಟೆಯ ಗವಸು ಹೊದಿಸಿ ಹೊರಡಬೇಕು. ಕೆಲಸ ಉಳಿದಿದ್ದರೆ ಯಜಮಾನಮ್ಮ ಸಾಲಿನ ನಡುವೆ ನಡೆದು ಬಂದು ಯಾವುದಾದರೊಂದು ಗವಸನ್ನು ಎಳೆದುಬಿಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಗವಸು ಹೋದವಳು ಮತ್ತೆ ಕೂತು ಕೆಲಸ ಮುಗಿಸಬೇಕು, ಅಷ್ಟೇ. ಅವರ ಕೈ ಯಾವ ಗವಸಿನ ಕಡೆ ಹೋಗುತ್ತಿತ್ತು ಎಂದು ಬಿಡಿಸಿ ಹೇಳಬೇಕೆ? ಚೂರುಬಟ್ಟೆ ಜೋಡಿಸಿ ಹೂಂ ಅಕ್ಕ ತಾನೇ ಹೊಲಿದುಕೊಂಡ ಗವಸಿನ ಅಂಚು ಎಳೆಸಿಕೊಂಡು ಎಳೆಸಿಕೊಂಡು ಹಿಂಜಿಹೋಗಿತ್ತು. ಯಜಮಾನಮ್ಮ ಕೆಟ್ಟವರೇನಲ್ಲ. ಕೈಗೆ ಸುಲಭವಾಗಿ ಸಿಗುವುದನ್ನು ಬಿಟ್ಟು ಕಷ್ಟದ್ದಕ್ಕೆ ಯಾರು ತಾನೇ ಹೋಗುತ್ತಾರೆ!

ಈ ಹೂಂ ಅಕ್ಕನಿಗೂ ಒಂದು ಆಸೆಯಿತ್ತು. ಕಾರ್ಖಾನೆಯ ಮುಂಭಾಗದಲ್ಲಿ ಅಳತೆ ಮೇಜು ಎಂಬುದೊಂದಿತ್ತು. ಅಲ್ಲಿ ಕೂತವಳು ಗಿರಾಕಿಗಳ ಜೊತೆ ಮಾತಾಡಿ, ಅಳತೆ ಬರೆದುಕೊಂಡು, ಬಣ್ಣ ಆರಿಸಿಕೊಡಬೇಕು. ಮೇಜಿನ ಪಕ್ಕ ಕಿಟಕಿ, ಕಿಟಕಿಯಾಚೆ ರಸ್ತೆ. ಆ ಕುರ್ಚಿ ಕಂಡರೆ ಅವಳಿಗೆ ಪ್ರಾಣ. ಇಂಗ್ಲಿಷ್ ಪರೀಕ್ಷೆ ಪಾಸಾದವಳಿಗೆ ಕುರ್ಚಿ ಎಂದು ಯಜಮಾನಮ್ಮನೇ ಹೇಳಿದ್ದರು. ಅದಕ್ಕೇ ಅವಳು ಸೈಕಲ್ ಅಂಗಡಿಯ ಮಹಡಿಯ ಮೇಲಿನ ಸಂಜೆ ಕ್ಲಾಸಿಗೆ ಸೇರಿದ್ದಳು. ಬರೆಯುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಮಾತಿನ ಪರೀಕ್ಷೆಗೆ ಮಾತ್ರ ಎರಡು ಸಲ ಹೋಗಲಾಗಲಿಲ್ಲ. ಎರಡು ಸಲವೂ ಯಜಮಾನಮ್ಮ ಗವಸು ಎಳೆದಿದ್ದರು, ಹೂಂ ಜಾರಿತ್ತು. ಮೂರನೆಯ ಸಲವೂ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತೇನೆ ಎಂದು ಟೀಚರಮ್ಮ ಖಡಾಖಂಡಿತವಾಗಿ ಹೇಳಿದ್ದರು.

ಟೀಚರಮ್ಮ ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು. ಮಾತಿನ ಪರೀಕ್ಷೆಗೆ ಅವರದೊಂದು ಹಟವಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಪದ ಕೊಡುವುದು, ಅದನ್ನಿಟ್ಟುಕೊಂಡು ಅವರು ತಮ್ಮ ಬಗ್ಗೆ ಒಂದು ವಾಕ್ಯ ಹೇಳುವುದು, ಆ ವಾಕ್ಯ ನಿಜವಾಗಿರಬೇಕು. ಸುಳ್ಳು ವಾಕ್ಯ ಎಷ್ಟೇ ಚೆಂದವಿದ್ದರೂ ಸೊನ್ನೆ. ಹೂಂ ಅಕ್ಕನಿಗೆ ಬಂದ ಪದ ರೆಫ್ಯೂಸ್.

"ಒಲ್ಲೆ ಅನ್ನೋದು," ಎಂದು ಟೀಚರಮ್ಮ ಬಿಡಿಸಿ ಹೇಳಿದ್ದರು. "ಆಗಲ್ಲ ಅನ್ನೋದಲ್ಲ ಮತ್ತೆ! ಕೈಲಾಗದೇ ಇದ್ರೆ ಅದು ಕಾಂಟ್. ಕೈಲಾಗತ್ತೆ, ಆದ್ರೂ ಮಾಡಲ್ಲ ಅಂದ್ರೆ ಅದು ರೆಫ್ಯೂಸ್."

"ನಮ್ಮ ಬೆಕ್ಕು ಹಾಲು ರೆಫ್ಯೂಸ್ ಮಾಡ್ತು ಅಂದ್ರೆ?"

"ಅದು ಬೆಕ್ಕಿನ ವಾಕ್ಯ ಕಣಮ್ಮ. ನಿನ್ನದು ಹೇಳು."

ಕ್ಲಾಸಿನವರೆಲ್ಲ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಮದುವೆಯಾದಂದಿನಿಂದ ಹುಡುಕಿದಳು, ಹುಟ್ಟಿದಂದಿನಿಂದ ಹುಡುಕಿದಳು. ತಾನು ಒಲ್ಲೆ ಎಂದ ಒಂದೇ ಒಂದು ಸಂಗತಿ ಸಿಗಲಿಲ್ಲ. ಅವತ್ತು ಅವಳಿಗೆ ನಿಜಕ್ಕೂ ದುಃಖವಾಯಿತು.

ಪರೀಕ್ಷೆಯ ಸಂಜೆ ಗಂಟೆ ಬಾರಿಸಿತು. ಗವಸು ಹೊದಿಸಿ ಅವಳು ಚೀಲ ಹೆಗಲಿಗೇರಿಸಿದಳು. ಸಾಲಿನ ನಡುವೆ ಚಪ್ಪಲಿಯ ಸದ್ದು ಬಂತು. ಯಜಮಾನಮ್ಮ ಬಂದರು, ಅತ್ತ ಇತ್ತ ನೋಡಲೂ ಇಲ್ಲ, ಸೀದಾ ಅವಳ ಗವಸಿನ ಅಂಚು ಹಿಡಿದು ಎಳೆದರು.

ಗವಸು ಬರಲಿಲ್ಲ. ಇನ್ನೊಂದು ತುದಿಯನ್ನು ಹೂಂ ಅಕ್ಕ ಹಿಡಿದುಕೊಂಡಿದ್ದಳು!

ಪಕ್ಕದ ಮೆಷಿನಿನವಳು, ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೊ ಎನಿಸಿಕೊಂಡವಳು, ಅವಳೂ ಸುಮ್ಮನಾದಳು.

"ಯಾಕಮ್ಮ, ಹುಷಾರಿಲ್ವಾ?" ಯಜಮಾನಮ್ಮನ ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. ರೇಡಿಯೊ ಹಣೆಯ ಮೇಲೆ ಕೈಯಿಟ್ಟು ನೋಡಿದಳು. ಯಾರೋ ನೀರು ತಂದರು. "ತಲೆನೋವು ಅಂದ್ಬಿಡೇ," ಎಂದು ರೇಡಿಯೊ ಕಿವಿಯಲ್ಲಿ ಪಿಸುಗುಟ್ಟಿದಳು.

ಅಷ್ಟಂದಿದ್ದರೆ ಸಾಕಿತ್ತು, ಬಿಟ್ಟು ಕಳಿಸುತ್ತಿದ್ದರು. ಆದರೆ ತಲೆನೋವೆಂದರೆ ಅದು ಕಾಂಟ್ ಆಗುತ್ತಿತ್ತು. ಅದೂ ಸುಳ್ಳು ಕಾಂಟ್.

"ಹುಷಾರಾಗೇ ಇದೀನಮ್ಮ," ಎಂದಳು. ಗವಸಿನ ತುದಿ ಬಿಡಲಿಲ್ಲ. "ತಲೆನೋವಿಲ್ಲ. ಮನೇಲೂ ಎಲ್ಲಾ ಚೆನ್ನಾಗಿದಾರೆ. ಇರೋದಕ್ಕೆ ಆಗತ್ತೆ. ಆದ್ರೆ ಇರಲ್ಲ."

"ಇರಲ್ವಾ?"

"ಇರಲ್ಲ."

ಬಾಯಿಂದ ಬಿದ್ದದ್ದು ತನ್ನದೇ ಮಾತೇ ಎಂದು ಅವಳಿಗೇ ಸೋಜಿಗ. ಯಜಮಾನಮ್ಮ ಅಂಚು ಬಿಟ್ಟರು. ಮುಂದೇನಾಯಿತೆಂದು ನೋಡಲು ಅವಳು ನಿಲ್ಲಲಿಲ್ಲ. ಮೆಟ್ಟಿಲಿಳಿದು, ರಸ್ತೆ ದಾಟಿ, ಹಾರನ್ ಹೊಡೆದವರಿಗೆಲ್ಲ ನಗುನಗುತ್ತಲೇ ಕೈ ತೋರಿಸಿ ಓಡಿದಳು. ಸೈಕಲ್ ಅಂಗಡಿಯ ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಾಗಲೇ ಗೊತ್ತಾದದ್ದು, ಗವಸು ಇನ್ನೂ ಕೈಯಲ್ಲೇ ಇದೆ.

"ನಿನ್ನ ವಾಕ್ಯ?" ಎಂದರು ಟೀಚರಮ್ಮ.

"ಐ ರೆಫ್ಯೂಸ್ಡ್ ಟು ಸ್ಟೇ."

ಟೀಚರಮ್ಮ ಕನ್ನಡಕ ಕೆಳಗಿಳಿಸಿ ಅವಳನ್ನೂ ಗವಸನ್ನೂ ನೋಡಿದರು. "ನಿಜಾನಾ?"

"ಬೆಳಗ್ಗೆ ಸುಳ್ಳಾಗಿತ್ತು ಟೀಚರಮ್ಮ. ಈಗ ನಿಜ!"

ಪಾಸಾದಳು. ಖುಷಿಗೆ ರಾತ್ರಿ ಗಂಡನ ಮುಂದೆ ಆ ವಾಕ್ಯವನ್ನು ಹೇಳಿದ್ದೇ ಹೇಳಿದ್ದು. ಬೆಳಗಾಗುತ್ತಲೇ ಖುಷಿ ಇಳಿದು ಭಯ ಹತ್ತಿತು. ಕುರ್ಚಿ ಹಾಗಿರಲಿ, ಮೆಷಿನಾದರೂ ಉಳಿದಿದೆಯೋ ಇಲ್ಲವೋ! ಮೆಷಿನು ಅಲ್ಲೇ ಇತ್ತು. ಯಾರೂ ಏನೂ ಅನ್ನಲಿಲ್ಲ. ದಿನವಿಡೀ ತಲೆ ತಗ್ಗಿಸಿಕೊಂಡು ಹೊಲಿದಳು. ಸಂಜೆ ಗಂಟೆ ಬಾರಿಸಿತು, ಗವಸು ಹೊದಿಸಿದಳು, ಚಪ್ಪಲಿಯ ಸದ್ದು ಬಂತು.

ಯಜಮಾನಮ್ಮನ ಕೈ ಗವಸಿನವರೆಗೂ ಬಂದು ನಿಂತಿತು. ಎಳೆಯಲಿಲ್ಲ.

"ಪಾಸಾದೆಯಂತೆ. ಸೋಮವಾರದಿಂದ ನಿನಗೆ ಅಳತೆ ಮೇಜು," ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ಕೋಣೆಯಲ್ಲಿ ಅದುವರೆಗೂ ಯಾರೂ ಕೇಳಿರದ ಮಾತೊಂದನ್ನು ಆಡಿದರು. "ಇವತ್ತು ಒಂಚೂರು ಕೆಲಸ ಉಳಿದಿದೆ. ಇರ್ತೀಯಾ?"

ಹೂಂ ಅಕ್ಕ ಥಟ್ಟನೆ ಬಾಯಿ ತೆರೆಯಲಿಲ್ಲ. ಯೋಚಿಸಿದಳು. ಮನೆಯಲ್ಲಿ ಅವಸರವಿಲ್ಲ, ಕ್ಲಾಸಿಲ್ಲ, ಪರದೆಗೆ ಇನ್ನೆರಡೇ ಅಂಚು ಬಾಕಿ. ಗವಸನ್ನು ತಾನೇ ತೆಗೆದು ಮಡಚಿಟ್ಟಳು.

"ಹೂಂ," ಎಂದಳು. "ಇವತ್ತು ಹೂಂ. ನಾಳೆ ಮತ್ತೆ ಕೇಳಿ."