ಹಡಗು ತಿರುಗಿದ ಹೊತ್ತು

ಹೋದ ವರ್ಷ ಸಂಕ್ರಾಂತಿ ಕಳೆದ ನಂತರದ ಭಾನುವಾರ. ಬೇರೆ ಬೇರೆ ದೇಶಗಳ ದೊಡ್ಡ ಹಾಯಿಹಡಗುಗಳು ಮುಂಬಯಿಗೆ ಬಂದಿದ್ದವು. ಹಾಯಿಹಡಗುಗಳ ಉತ್ಸವ ನಡೆದಿತ್ತು. ಅದರ ಕೊನೆಯ ದಿನವಾದ ಅಂದು ಅವೆಲ್ಲ ಸಾಲಾಗಿ ಬಂದರಿನೊಳಕ್ಕೆ ಬಂದು, ತಿರುಗಿ, ಮತ್ತೆ ಸಮುದ್ರಕ್ಕೆ ಹೋಗುವ ಕಾರ್ಯಕ್ರಮವಿತ್ತು. ಅದರ ಫೋಟೊ ತೆಗೆಯಬೇಕೆಂದು ನಾನು ಬಹಳ ದಿನಗಳಿಂದ ಯೋಚಿಸಿಕೊಂಡಿದ್ದೆ.

ನಾನು ಮೂಲತಃ ಬಾಗಲಕೋಟೆ ಕಡೆಯವನು. ಪತ್ರಿಕೆಯೊಂದರ ಸುದ್ದಿ ವಿಭಾಗದಲ್ಲಿದ್ದು ನಿವೃತ್ತನಾಗಿ ಈಗ ನವಿ ಮುಂಬಯಿಯ ಐರೋಲಿಯಲ್ಲಿದ್ದೇನೆ. ಕೆಲಸದಲ್ಲಿದ್ದಷ್ಟು ಕಾಲ ಬೇರೆಯವರು ತೆಗೆದ ಫೋಟೊಗಳಿಗೆ ಅಡಿಬರಹ ಬರೆದೆ. ನಿವೃತ್ತಿಯ ಮೇಲೆ ಕ್ಯಾಮೆರಾ ಮತ್ತು ಉದ್ದದ ಲೆನ್ಸೊಂದನ್ನು ಕೊಂಡು ನಾನೇ ತೆಗೆಯತೊಡಗಿದೆ. ಇಲ್ಲಿನ ಸಮುದ್ರದ ಹಿನ್ನೀರಾದ ಖಾಡಿಯ ದಂಡೆಯ ಫ್ಲೆಮಿಂಗೊಗಳಿಂದ ಹಿಡಿದು ನಮ್ಮ ಹೌಸಿಂಗ್ ಸೊಸೈಟಿಯ ಗಣಪತಿಯವರೆಗೆ ಎಲ್ಲವನ್ನೂ ತೆಗೆದಿದ್ದೇನೆ.

ಹಡಗು ನೋಡುವವರೆಲ್ಲ ಮುಂಬಯಿಯ ದಡದಲ್ಲಿ ಸೇರುತ್ತಾರೆ. ಎಲ್ಲರ ಫೋಟೊದಲ್ಲೂ ಹಡಗಿನ ಹಿಂದೆ ಬರೀ ನೀರು. ಬಂದರಿನ ಎದುರು ದಡದಲ್ಲಿರುವ ನಮ್ಮ ನವಿ ಮುಂಬಯಿಯ ಕಡೆಯಿಂದ ದೋಣಿಯಲ್ಲಿ ಹೋಗಿ ತೆಗೆದರೆ ಹಡಗುಗಳ ಹಿಂದೆ ಇಡೀ ಮುಂಬಯಿ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಬೇಲಾಪುರದ ಹತ್ತಿರ ಕೋಳಿ ಎಂಬ ಸಮುದಾಯದ ಮೀನುಗಾರರ ಹಳ್ಳಿಯೊಂದಿದೆ. ಅಲ್ಲಿನ ದೋಣಿಯ ಯಜಮಾನರೊಬ್ಬರನ್ನು ಒಪ್ಪಿಸಿದೆ. ಅವರನ್ನು ಎಲ್ಲರೂ ನಾಖವಾ ಎಂದೇ ಕರೆಯುತ್ತಾರೆ.

ಹೊರಡುವುದಕ್ಕೆ ಎರಡು ದಿನ ಇರುವಾಗ ಕರುಣಾಕರ ನಮ್ಮ ಮನೆಗೆ ಬಂದರು. ನಮ್ಮದೇ ಸೊಸೈಟಿಯವರು. ಊರು ಕಾಪು. ಠಾಣೆಯ ನೌಪಾಡಾದಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಸಂಜೆ ಹೋಟೆಲು ಬಿಟ್ಟು ಬರುವ ಮನುಷ್ಯನೇ ಅಲ್ಲ. ಸೋಫಾದ ತುದಿಯಲ್ಲಿ ಕುಳಿತು, ಚಹಾ ಬೇಡವೆಂದು, ಆಮೇಲೆ ಕುಡಿದು, ಕೊನೆಗೆ ವಿಷಯಕ್ಕೆ ಬಂದರು.

“ಸರ್, ನೀವು ಹಡಗಿನ ಫೋಟೊ ತೆಗೀಲಿಕ್ಕೆ ಹೋಗ್ತೀರಂತೆ. ಅದ್ರಲ್ಲಿ ಒಂದು ಹಡಗಲ್ಲಿ ನನ್ನ ಮಗಳು ಇದ್ದಾಳೆ.”

ಅವರ ಮಗಳು ನಿಶಾ ನನಗೆ ಗೊತ್ತು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಹಡಗಿನ ತರಬೇತಿಗೆ ಸೇರಿದ್ದಾಳೆಂದು ಕೇಳಿದ್ದೆ. ಅದು ಹಾಯಿಹಡಗು ಎಂದು ತಿಳಿದಿರಲಿಲ್ಲ. ಮಗಳು ಸಮುದ್ರಕ್ಕೆ ಹೋಗುವುದು ಕರುಣಾಕರರಿಗೆ ಮೊದಲೇ ಹಿಡಿಸಿರಲಿಲ್ಲ. ಹಾಯಿಯ ಕಂಬ ಹತ್ತುವ ಕೆಲಸ ಎಂದು ಗೊತ್ತಾದ ದಿನದಿಂದ ಮಾತೇ ಬಿಟ್ಟಿದ್ದರು. ಹೆಂಡತಿ ಸುಮತಿ ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಸ್ಪೀಕರ್ ಹಾಕುವರು. ಇವರು ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ತಗ್ಗಿಸಿ ಕೇಳಿಸಿಕೊಳ್ಳುವರು.

“ಮೇಲೆ ಅವಳು ಸರಿಯಾಗಿ ನಿಂತದ್ದನ್ನು ನನ್ನ ಕಣ್ಣಲ್ಲಿ ಒಮ್ಮೆ ಕಾಣ್ಬೇಕು,” ಎಂದರು ಕರುಣಾಕರ. “ಕಂಡ ಮೇಲೆ ಮಾತಾಡ್ತೇನೆ. ಅದಕ್ಕಿಂತ ಮೊದ್ಲು ನನ್ನಿಂದ ಆಗುದಿಲ್ಲ. ಬೈದೇ ಬಿಡ್ತೇನೆ.”

ನಿಶಾಳ ಹಡಗು ತಡವಾಗಿ ಬಂದಿತ್ತು. ದಡಕ್ಕೆ ಬರದೆ, ಆ ಮೆರವಣಿಗೆ ಮುಗಿಸಿ ಮುಂದಿನ ದೇಶಕ್ಕೆ ಹೋಗುವುದಿತ್ತು. ನೋಡುವುದಾದರೆ ಅದೊಂದೇ ಹೊತ್ತು.

ಅವಳು ತಾಯಿಗೆ ಗುರುತು ಹೇಳಿದ್ದಳು. ಎದುರಿನ ಕಂಬ. ಹಾಯಿ ಕಟ್ಟುವ ಅಡ್ಡಮರಗಳಲ್ಲಿ ಮೇಲಿನಿಂದ ಎರಡನೆಯದು. ನಿಮ್ಮ ಕಡೆಯ ತುದಿಯಲ್ಲಿ ನಾನು.

ಭಾನುವಾರ ಬೆಳಿಗ್ಗೆ ಪನ್ವೇಲ್ ಲೋಕಲ್ ಹಿಡಿದು ಬೇಲಾಪುರದಲ್ಲಿ ಇಳಿದೆವು. ಕರುಣಾಕರ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಹಾಕಿದ ಬೂಟು ತೊಟ್ಟು ಬಂದಿದ್ದರು. ದೋಣಿ ಹತ್ತುವಾಗ ಬೂಟು ಕೈಯಲ್ಲಿತ್ತು.

“ಮದುವೆಗೆ ಹೊರಟ ಹಾಗೆ ಉಂಟು,” ಎಂದರು ಸುಮತಿ. “ಹುಡುಗಿಗೆ ಅಲ್ಲಿಂದ ನಿಮ್ಮ ಬೂಟು ಕಾಣ್ತದಾ?”

“ನೀನು ಸುಮ್ನಿರು ಮಾರಾಯ್ತಿ.”

ನಾಖವಾ ದೋಣಿ ಬಿಡುವ ಮೊದಲೇ ಒಂದು ಮಾತು ಹೇಳಿದರು. ಮಧ್ಯಾಹ್ನ ಇಳಿತ ಶುರುವಾಗುತ್ತದೆ. ತಡ ಮಾಡಿದರೆ ಖಾಡಿಯ ಬಾಯಲ್ಲಿ ನೀರು ಇರುವುದಿಲ್ಲ, ಬರೀ ಕೆಸರು. ನಾವು ತಲೆಯಾಡಿಸಿದೆವು. ಸುಮತಿ ಕಟ್ಟಿ ತಂದಿದ್ದ ಗೋಳಿಬಜೆಯಲ್ಲಿ ಮೊದಲ ಪಾಲು ನಾಖವಾರಿಗೇ ಹೋಯಿತು.

ಉದ್ದನೆಯ ಸಮುದ್ರಸೇತುವೆಯ ಕೆಳಗೆ ಹಾದು ಬಂದರಿನ ವಿಶಾಲ ನೀರಿಗೆ ಬಂದೆವು. ಪೊಲೀಸ್ ದೋಣಿಯೊಂದು ಬಂದು, ಇಲ್ಲಿಂದ ಮುಂದೆ ಯಾರೂ ಹೋಗುವಂತಿಲ್ಲ ಎಂದು ನಿಲ್ಲಿಸಿತು. ನಮ್ಮಂತೆ ಇನ್ನೂ ಕೆಲವು ದೋಣಿಗಳು ಅಲ್ಲಿದ್ದವು. ನಾಖವಾ ಇಂಜಿನ್ ಬಂದ್ ಮಾಡಿದರು.

ಮೊದಲು ಕಂಡದ್ದು ಹಡಗಲ್ಲ. ದಕ್ಷಿಣದಲ್ಲಿ, ಮಬ್ಬಿನ ನಡುವೆ, ನೀರಿಗೂ ಆಕಾಶಕ್ಕೂ ಸಂಬಂಧವಿಲ್ಲದಂತೆ ಬಿಳಿಯ ತುಂಡುಗಳು ಒಂದರ ಮೇಲೊಂದು ನಿಂತಿದ್ದವು. ಅವು ಹಾಯಿಗಳೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಂತರ ಅವುಗಳ ಕೆಳಗೆ ಹಡಗು ಮೂಡಿತು. ನಾನು ನೌಕೆಗಳ ಉದ್ದ, ಎತ್ತರ, ತೂಕಗಳನ್ನು ಎಷ್ಟೋ ಸಲ ಸುದ್ದಿಯಲ್ಲಿ ಬರೆದಿದ್ದೇನೆ. ಆ ಅಂಕಿಗಳಿಗೂ ನಾನು ಕಾಣುತ್ತಿದ್ದುದಕ್ಕೂ ಹೋಲಿಕೆಯೇ ಇರಲಿಲ್ಲ. ಮೊದಲ ಹಡಗು ನಮ್ಮೆದುರು ಹಾದಾಗ ಅದರ ತುದಿ ನೋಡಲು ತಲೆಯನ್ನು ಪೂರ್ತಿ ಹಿಂದಕ್ಕೆ ವಾಲಿಸಬೇಕಾಯಿತು. ಅಷ್ಟು ದೊಡ್ಡ ವಸ್ತು ಚಲಿಸುವಾಗ ಸದ್ದಾಗಬೇಕು ಎಂದು ನಮ್ಮ ಕಿವಿ ಕಾಯುತ್ತದೆ. ನಮಗೆ ಕೇಳಿದ್ದು ಹಗ್ಗಗಳ ನಡುವೆ ಗಾಳಿ ಹಾಯುವ ಸದ್ದು ಮಾತ್ರ.

ನಿಶಾಳ ಹಡಗು ನಾಲ್ಕನೆಯದಾಗಿ ಬಂತು. ಕೆಳಗಿನ ಹಾಯಿಗಳು ಬಿಚ್ಚಿದ್ದವು. ಮೇಲಿನವನ್ನು ಅಡ್ಡಮರಗಳಿಗೆ ಸುತ್ತಿ ಕಟ್ಟಿದ್ದರು. ಆ ಅಡ್ಡಮರಗಳ ಉದ್ದಕ್ಕೂ, ಕಾಲಡಿಗೆ ಒಂದು ಹಗ್ಗ ಬಿಟ್ಟರೆ ಬೇರೇನೂ ಇಲ್ಲದೆ, ಬಿಳಿ ಬಟ್ಟೆಯ ಹುಡುಗ ಹುಡುಗಿಯರು ನಿಂತಿದ್ದರು. ಕೆಳಗಿನಿಂದ ಅಕ್ಕಿಕಾಳಿನಷ್ಟು ಕಾಣುತ್ತಿದ್ದರು.

“ಅದೇ,” ಎಂದರು ಕರುಣಾಕರ. ಎದ್ದು ನಿಂತುಬಿಟ್ಟಿದ್ದರು. “ಎದುರಿನ ಕಂಬ, ಮೇಲಿಂದ ಎರಡನೇದು, ನಮ್ಮ ಕಡೆ ತುದಿ. ನಿಂತ ಠೀವಿ ನೋಡಿ ಸರ್. ನಮ್ಮ ಅಮ್ಮ ಹೀಗೇ ನಿಲ್ತಿದ್ರು.”

ಸುಮತಿ ಕೈ ಮುಗಿದರು. ನಾನು ತೆಗೆಯುತ್ತಾ ಹೋದೆ. ಬಿಸಿಲು ದಕ್ಷಿಣದಿಂದ, ಹಡಗಿನ ಬೆನ್ನಿಗೆ ಬೀಳುತ್ತಿದ್ದುದರಿಂದ ಮುಖಗಳೆಲ್ಲ ನೆರಳಲ್ಲಿದ್ದವು.

“ಬಂತಾ ಸರ್?”

“ತಡೀರಿ, ಇನ್ನೂ ಮುಖಾ ನೋಡಿಲ್ಲ ನಾ.”

ಕ್ಯಾಮೆರಾದ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿದೆ. ನೆರಳಿನಲ್ಲೂ ತಿಳಿಯಿತು. ತುದಿಯಲ್ಲಿದ್ದವನು ಚಿಗುರುಮೀಸೆಯ ಒಬ್ಬ ಹುಡುಗ.

ಆಗ ನಾನು ಸುಮ್ಮನಿದ್ದಿದ್ದರೆ ಕರುಣಾಕರ ಖುಷಿಯಲ್ಲೇ ಮನೆಗೆ ಹೋಗುತ್ತಿದ್ದರು. ಆ ಅಕ್ಕಿಕಾಳನ್ನು ಮಗಳೆಂದು ಇಡೀ ಸೊಸೈಟಿಗೆ ತೋರಿಸುತ್ತಿದ್ದರು. ಆದರೆ ಮುಖ ಖಾತ್ರಿಯಾಗದೆ ಹೆಸರು ಹಾಕಬಾರದೆಂಬುದು ನಾನು ಮಾಡಿದ ಕೆಲಸದ ಮೊದಲ ಪಾಠ. ಕ್ಯಾಮೆರಾವನ್ನು ಸುಮತಿಯವರ ಮುಂದೆ ಹಿಡಿದೆ. ಅವರು ಬಗ್ಗಿ ನೋಡಿ, ತುಳುವಿನಲ್ಲಿ ಮೆಲ್ಲಗೆ, “ಉಂದು ನಮ್ಮ ಬಾಲೆ ಅತ್ತ್,” ಎಂದರು. ಇದು ನಮ್ಮ ಮಗು ಅಲ್ಲ.

ಕರುಣಾಕರ ತಾವೂ ನೋಡಿದರು. ನಂತರ ದೋಣಿಯ ಹಲಗೆಯ ಮೇಲೆ ಕುಳಿತರು.

“ಹಾಗಾದ್ರೆ ಅವಳನ್ನು ಹತ್ತಿಸ್ಲಿಲ್ಲ,” ಎಂದರು. “ಎಂತದೋ ಆಗಿದೆ. ಬಿದ್ದಿರ್ಬೇಕು. ನಮಗೆ ಹೇಳ್ಲಿಲ್ಲ.”

“ನಿನ್ನೆ ರಾತ್ರಿ ಮಾತಾಡಿದ್ದಾಳಲ್ಲ,” ಎಂದರು ಸುಮತಿ.

“ನಿನ್ನೆ ರಾತ್ರಿ ಸರಿ ಇದ್ಲು. ಇವತ್ತು?”

ಫೋನು ಮಾಡೋಣವೆಂದರೆ ಕೆಲಸದ ಹೊತ್ತಲ್ಲಿ ಅವಳ ಬಳಿ ಫೋನಿಲ್ಲ. ಹಡಗು ನಮ್ಮನ್ನು ದಾಟಿ ಉತ್ತರಕ್ಕೆ ಸಾಗಿತ್ತು. ಕರುಣಾಕರ ಅದರ ಹಿಂಭಾಗವನ್ನೇ ನೋಡುತ್ತಿದ್ದರು. ಹೋಟೆಲಿನಲ್ಲಿ ನಾಲ್ಕು ಟೇಬಲಿನವರು ಒಟ್ಟಿಗೆ ಕೂಗಿದರೂ ಗಡಿಬಿಡಿಯಾಗದ ಮನುಷ್ಯ. ಈಗ ಬೂಟಿನ ಲಾಡಿಯನ್ನು ಸುಮ್ಮನೆ ಬಿಚ್ಚುತ್ತಾ ಕಟ್ಟುತ್ತಾ ಇದ್ದರು.

ಸುಮತಿ ತಟ್ಟನೆ ಕೇಳಿದರು. “ರೀ, ನಾವು ದೋಣಿಯಲ್ಲಿ ಬರ್ತೇವೆ ಅಂತ ಅವಳಿಗೆ ಹೇಳಿದ್ದು ಯಾರು?”

“ನೀನು ಹೇಳ್ಲಿಲ್ವಾ?”

“ನಾನೆಲ್ಲಿ ಹೇಳಿದ್ದು? ನೋಡ್ಲಿಕ್ಕೆ ಬರ್ತೇವೆ ಅಂದೆ, ಅಷ್ಟೇ. ಹಡಗು ನೋಡುವವರು ಎಲ್ಲಿ ನಿಲ್ತಾರೆ? ಅಲ್ಲಿ.” ಅವರು ಮುಂಬಯಿಯ ದಡದ ಕಡೆ ಕೈ ತೋರಿಸಿದರು. “ನಿಮ್ಮ ಕಡೆ ಅಂದ್ರೆ ಅವಳ ಲೆಕ್ಕದಲ್ಲಿ ಆ ಕಡೆ. ನಾವು ಈಚೆ ಬಂದು ಕೂತಿದ್ದೇವೆ.”

ಮೂವರೂ ಹಡಗಿನತ್ತ ನೋಡಿದೆವು. ಅಡ್ಡಮರ ಕಂಬದ ಎರಡೂ ಬದಿಗೆ ಚಾಚಿರುತ್ತದೆ. ಆಚೆಯ ತುದಿ ನಮಗೆ ಕಂಬದ, ಹಗ್ಗಗಳ, ಈಚೆ ನಿಂತವರ ಹಿಂದೆ ಮರೆಯಾಗಿತ್ತು. ನವಿ ಮುಂಬಯಿಯಲ್ಲಿ ಇರುವ ನಾವು ಯಾವಾಗಲೂ ಮುಂಬಯಿಯನ್ನು ಹಿಂದಿನಿಂದ ನೋಡುವವರು. ಅದನ್ನೇ ಮರೆತಿದ್ದೆವು. ಹಿಂದೆ ಇಡೀ ಮುಂಬಯಿ ಬರಲಿ ಎಂದು ಅವರನ್ನು ಈ ಕಡೆ ಕರೆತಂದವನು ನಾನೇ.

ಆ ಬದಿಗೆ ಹೋಗೋಣವೆಂದರೆ ಪೊಲೀಸ್ ದೋಣಿ ಬಿಡುವುದಿಲ್ಲ. ನಾನು ಹೇಳಿದೆ, “ಹಡಗು ತಿರುಗಿ ಬರೂದೈತಿ. ಆವಾಗ ಆ ಬದಿ ನಮ್ಮ ಕಡೆ ಬರ್ತದ. ಕಾಯಬೇಕು.”

ನಾಖವಾ ನೀರಿಗೆ ಕೈ ತೋರಿಸಿದರು. “ಸಾಹೇಬ್, ಓಹೋಟಿ ಲಾಗ್ಲೀ.” ಇಳಿತ ಶುರುವಾಗಿತ್ತು. “ಅಭೀ ನಿಕಲೋ. ನಹೀ ತೋ ಕೀಚಡ್ ಮೇ ಬೈಠೋ, ಮಚ್ಛರ್ ಕೋ ಖಾನಾ ಖಿಲಾವೋ.” ಈಗಲೇ ಹೊರಡಿ, ಇಲ್ಲವಾದರೆ ಕೆಸರಿನಲ್ಲಿ ಕೂತು ಸೊಳ್ಳೆಗಳಿಗೆ ಊಟ ಹಾಕಿ ಎಂದರು.

ಕರುಣಾಕರ ಅವರತ್ತ ತಿರುಗಿದರು. “ನಾಖವಾ, ಮೇರೀ ಲಡ್ಕೀ ಉಸ್ ಬಾಜೂ ಮೇ ಹೈ.” ನನ್ನ ಮಗಳು ಆ ಬದಿಯಲ್ಲಿದ್ದಾಳೆ.

ನಾಖವಾ ಹಡಗನ್ನು ನೋಡಿದರು, ಅದರ ಎತ್ತರವನ್ನು ನೋಡಿದರು. “ಊಪರ್?” ಎಂದು ಕೇಳಿದರು. ಕರುಣಾಕರ ಹೂಂ ಎಂದರು. ನಾಖವಾ ಲಂಗರನ್ನು ನೀರಿಗೆ ಬಿಟ್ಟು, ಗೋಳಿಬಜೆಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಕುಳಿತರು.

ಹಡಗು ತಿರುಗಿದ್ದನ್ನು ನಾನು ಹೇಗೆ ವರದಿ ಮಾಡಲಿ? ಮೊದಲು ಕಂಬಗಳು ಒಂದರ ಹಿಂದೊಂದು ಸರಿದು ಒಂದೇ ಕಂಬವಾದವು. ಬದಿಯಿಂದ ಉದ್ದಕ್ಕೆ ಕಾಣುತ್ತಿದ್ದ ಹಡಗು ಕಿರಿದಾಗಿ, ಕಡಿದಾಗಿ, ಒಂದು ಗೋಪುರದಂತೆ ನಮ್ಮೆದುರು ನಿಂತಿತು. ಎರಡೂ ಕಡೆಗೆ ಚಾಚಿದ ಅಡ್ಡಮರಗಳ ಮೇಲೆ ಮೇಲಿನಿಂದ ಕೆಳಗಿನವರೆಗೂ ಮನುಷ್ಯರು. ಬಳಿಕ ಕಂಬಗಳು ಮತ್ತೆ ಬಿಡಿಬಿಡಿಯಾದವು. ಅಲ್ಲಿಯತನಕ ಮುಂಬಯಿಗೆ ಮುಖ ಮಾಡಿದ್ದ ಬದಿ ನಮ್ಮ ಕಡೆ ಬಂತು. ಹಡಗು ಈಗ ದಕ್ಷಿಣಕ್ಕೆ, ಬಿಸಿಲಿಗೆದುರಾಗಿ ಹೊರಟಿತ್ತು. ನೆರಳಲ್ಲಿದ್ದ ಮುಖಗಳೆಲ್ಲ ಬೆಳಕಿಗೆ ಬಂದವು.

ಲೆನ್ಸನ್ನು ತುದಿಗೆ ಹಿಡಿದು ಒಂದು ಚಿತ್ರ ತೆಗೆದೆ. ಪರದೆಯಲ್ಲಿ ನೋಡಿದೆ. ಸುಮತಿಯವರಿಗೆ ತೋರಿಸಿದೆ. ಅವರು ಗಂಡನ ತೋಳನ್ನು ಹಿಡಿದು ಹತ್ತಿರಕ್ಕೆ ಎಳೆದರು.

ಅಷ್ಟರಲ್ಲಿ ಹಡಗಿನಿಂದ ಒಂದು ಸೀಟಿ ಕೇಳಿತು. ಅಡ್ಡಮರದ ಮೇಲಿದ್ದವರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು. ಸುತ್ತಿ ಕಟ್ಟಿದ ಮೇಲಿನ ಹಾಯಿಗಳನ್ನು ಬಿಚ್ಚತೊಡಗಿದ್ದರು. ನಾನು ಕಾದಿದ್ದ ಚಿತ್ರ ಅದೇ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದವನು, ಪಕ್ಕದಲ್ಲಿ ಬರಿಗಣ್ಣನ್ನು ಕಿರಿದು ಮಾಡಿಕೊಂಡು ನಿಂತ ಕರುಣಾಕರರನ್ನು ನೋಡಿದೆ. ಪಟ್ಟಿಯನ್ನು ಕೊರಳಿನಿಂದ ತೆಗೆದು ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟೆ.

“ಇದರಾಗ ನೋಡ್ರಿ. ಏನೂ ಒತ್ತಬ್ಯಾಡ್ರಿ, ಸುಮ್ನ ನೋಡ್ರಿ.”

ಅವರು ನೋಡಿದರು. ಉದ್ದದ ಲೆನ್ಸು ಭಾರ, ನಾನು ಕೆಳಗಿನಿಂದ ಲೆನ್ಸಿಗೆ ಆಸರೆ ಕೊಟ್ಟೆ. ಹಾಗಾಗಿ ನಾನು ನೋಡಿದ್ದು ಬರಿಗಣ್ಣಿನಿಂದ. ಆ ಎತ್ತರದಲ್ಲಿ, ತುದಿಯ ಅಕ್ಕಿಕಾಳು ಹೊಟ್ಟೆಯನ್ನು ಮರದ ಮೇಲಿಟ್ಟು ಗಾಳಿಯೊಳಗೆ ಬಾಗಿತು. ಕ್ಷಣದಲ್ಲಿ ಅಷ್ಟು ದೊಡ್ಡ ಹಾಯಿ ಕಳಚಿ ಬಿತ್ತು, ಒಮ್ಮೆ ಪಟಪಟಿಸಿತು, ಗಾಳಿ ತುಂಬಿ ಬಿಗಿಯಾಯಿತು. ಹಡಗು ನಮ್ಮ ಕಣ್ಣೆದುರೇ ಉಸಿರು ತೆಗೆದುಕೊಂಡಂತೆ ಆಯಿತು. ನಾಖವಾ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಕರುಣಾಕರ ಕ್ಯಾಮೆರಾ ಇಳಿಸಲಿಲ್ಲ. “ಬಿಚ್ಚಿದ್ಲು,” ಎಂದರು. “ಅವಳೇ ಬಿಚ್ಚಿದ್ಲು. ಈಗ ಪಕ್ಕದ ಹುಡುಗನಿಗೆ ಎಂತದೋ ಹೇಳ್ತಾ ಇದ್ದಾಳೆ. ಜೋರು ಮಾಡ್ತಾ ಇದ್ದಾಳೆ.”

“ನಿಮ್ಮದೇ ಮಗಳು,” ಎಂದರು ಸುಮತಿ.

ನಾಖವಾ ಹೇಳಿದಂತೆಯೇ ಆಯಿತು. ಖಾಡಿಯ ಬಾಯಲ್ಲಿ ದೋಣಿ ಕೆಸರಿನಲ್ಲಿ ಕೂತಿತು. ನೀರು ಮರಳುವವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಕರುಣಾಕರರ ಬೂಟು, ಅಂಗಿ ಎಲ್ಲ ಕೆಸರಾಯಿತು. ಸೊಳ್ಳೆಗಳೂ ಬಂದವು. ಹೊತ್ತು ಮುಳುಗುವಾಗ ಸುಮತಿಯವರ ಫೋನು ರಿಂಗಣಿಸಿತು. ಮಗಳು. ಹಡಗು ಬಂದರಿನ ಹೊರಗೆ ಲಂಗರು ಹಾಕಿತ್ತು, ಬೆಳಿಗ್ಗೆ ಹೊರಡುವುದಿತ್ತು.

ಸುಮತಿ ಸ್ಪೀಕರ್ ಹಾಕಿ, ಫೋನನ್ನು ಗಂಡನ ಮುಂದೆ ಹಿಡಿದರು.

“ಮಮ್ಮೀ? ಹಲೋ? ತುಮ್ ಲೋಗ್ ಆಯೇ ಥೇ ಕ್ಯಾ? ಮುಝೇ ಕೋಯೀ ನಹೀ ದಿಖಾ.” ನೀವು ಬಂದಿದ್ದಿರಾ, ನನಗೆ ಯಾರೂ ಕಾಣಲಿಲ್ಲ ಎನ್ನುತ್ತಿದ್ದಳು.

ಕರುಣಾಕರ ಫೋನಿನ ಹತ್ತಿರಕ್ಕೆ ಬಾಗಿದರು. ಬೈಯುತ್ತಾರೇನೋ ಎಂದು ನಾನು ಆಚೆ ಮುಖ ಮಾಡಿದೆ.

“ಮೇಲಿಂದ ಐರೋಲಿ ಕಾಣ್ತದಾ?” ಎಂದು ಕೇಳಿದರು.

ಅವಳು ಕನ್ನಡದಲ್ಲೇ ಹೇಳಿದಳು. “ಇಲ್ಲ ಪಪ್ಪಾ. ಬ್ರಿಡ್ಜ್ ತನಕ ಕಾಣ್ತದೆ. ಅದ್ರ ಹಿಂದೆ ಎಲ್ಲೋ ನಮ್ಮ ಮನೆ ಅಂತ ಅಂದಾಜು ಮಾಡ್ತೇನೆ.”

ಹಾಯಿ ಬಿಚ್ಚಿದ ಆ ಕ್ಷಣದ ಫೋಟೊ ನನ್ನ ಬಳಿ ಇಲ್ಲ. ಇರುವುದು ಅದಕ್ಕೆ ಮೊದಲಿನ ಒಂದೇ ಒಂದು ಚಿತ್ರ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಮುಂಬಯಿ ಎಲ್ಲಿ ಹೋಯಿತೆಂಬಂತೆ ನಮ್ಮ ದಡವನ್ನು ನೋಡುತ್ತಿರುವ ಹುಡುಗಿ. ಅದು ಈಗ ನೌಪಾಡಾದ ಹೋಟೆಲಿನ ಗಲ್ಲಾದ ಹಿಂದಿನ ಗೋಡೆಯಲ್ಲಿದೆ. ತೆಗೆಯದೆ ಬಿಟ್ಟ ಚಿತ್ರದ ಬಗ್ಗೆ ಕೆಲವರು ಕೇಳುತ್ತಾರೆ, ಬೇಸರವಾಗಲಿಲ್ಲವೇ ಎಂದು. ಇಷ್ಟು ವರ್ಷ ನಾನು ಕಂಡದ್ದೆಲ್ಲ ಕಾಗದದ ಮೇಲೆ ಅಚ್ಚಾಗಿ, ಮರುದಿನಕ್ಕೆ ಹಳತಾಗಿದೆ. ಆ ಹಾಯಿ ಮಾತ್ರ ಕಣ್ಣು ಮುಚ್ಚಿದರೆ ಈಗಲೂ ಕಳಚಿ ಬೀಳುತ್ತದೆ, ಪ್ರತಿ ಸಲವೂ ಗಾಳಿ ತುಂಬಿಕೊಳ್ಳುತ್ತದೆ, ಪ್ರತಿ ಸಲವೂ ನನ್ನ ತಲೆ ತಾನಾಗಿ ಹಿಂದಕ್ಕೆ ವಾಲುತ್ತದೆ.