ರವಿವಾರ ಸಿಕ್ಕ ಪ್ಯಾರಿಸ್

ನಮ್ಮ ಮನೆಯ ಪೇಟಿಯಲ್ಲಿ ಒಂದು ಸ್ವರ ಇಲ್ಲ. ಪೇಟಿ ಎಂದರೆ ಹಾರ್ಮೋನಿಯಂ. ನಾವು ಧಾರವಾಡದ ಕಡೆಯವರು, ಮಸ್ಕತ್ತಿಗೆ ಬಂದು ಇಷ್ಟು ವರ್ಷವಾದರೂ ಅದು ನಮಗೆ ಪೇಟಿಯೇ. ನನ್ನ ಮಾವನವರು ಬಾರಿಸುತ್ತಿದ್ದದ್ದು. ಅವರು ಹೋದ ಮೇಲೆ ನಮ್ಮ ಮನೆಯವರು ಅದನ್ನು ಮಗುವಿನ ಹಾಗೆ ಸುತ್ತಿಕೊಂಡು ವಿಮಾನದಲ್ಲಿ ತಂದರು. ಈಗ ಇಲ್ಲಿನ ರೂವಿ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಎ.ಸಿ. ಗಾಳಿ ನೇರ ಬಡಿಯದ ಮೂಲೆಯಲ್ಲಿ ಅದರ ವಾಸ. ನಡುವಿನ ಒಂದು ಬಿಳಿ ಪಟ್ಟಿ ಒತ್ತಿದರೆ ಮಾತ್ರ ಸ್ವರ ಬರುವುದಿಲ್ಲ, ಹುಸ್ ಎಂದು ಗಾಳಿ ಬರುತ್ತದೆ. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡು ಮುರಿದಿದೆ.

ಬೇರೆ ರೀಡು ಹಾಕಿಸಿದರಾಯಿತಲ್ಲ, ಅದಕ್ಕೇನು ಇಷ್ಟು ಪುರಾಣ ಎಂದು ನೀವು ಕೇಳಬಹುದು. ನಾನು ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದೇನೆ. ಊರಿನ ರಿಪೇರಿಯವರೂ ಅದನ್ನೇ ಹೇಳಿದರು. ನಮ್ಮವರು ಒಪ್ಪಬೇಕಲ್ಲ! ಆ ಪೇಟಿಯ ರೀಡುಗಳೆಲ್ಲ ಹಿಂದಿನ ಕಾಲದಲ್ಲಿ ಪ್ಯಾರಿಸ್ಸಿನಿಂದ ಹಡಗಿನಲ್ಲಿ ಬಂದವಂತೆ. ನಡುವೆ ಬೇರೆಯದನ್ನು ಕೂಡಿಸಿದರೆ, "ನಾಕು ಮಂದಿ ಸಮಾಧಾನದಿಂದ ಮಾತಾಡೂ ಮುಂದ ಒಬ್ಬಾಂವ ಒದರಿಧಂಗ ಆಗ್ತದ" ಎನ್ನುತ್ತಿದ್ದರು. ಕಟ್ಟಡದ ಕಂಪನಿಯಲ್ಲಿ ದಿನವಿಡೀ ನಕ್ಷೆ ತಿದ್ದುವ ಮನುಷ್ಯ, ಕೂದಲೆಳೆಯಷ್ಟು ವ್ಯತ್ಯಾಸವೂ ಅವರಿಗೆ ಆಗಿಬರುವುದಿಲ್ಲ.

ಇಷ್ಟು ವರ್ಷ ಆ ಸ್ವರದ ಕೆಲಸ ಮಾಡಿದವಳು ನಮ್ಮ ಮಗಳು. ಪ್ರತಿ ಶುಕ್ರವಾರ ಸಂಜೆ ನಮ್ಮ ಮಂದಿ ಯಾರದಾದರೂ ಮನೆಯಲ್ಲಿ ಭಜನೆಗೆ ಸೇರುತ್ತೇವೆ. ಅವರು ಪೇಟಿ ಬಾರಿಸುತ್ತಿದ್ದರು, ಇವಳು ಪಕ್ಕದಲ್ಲಿ ಕುಳಿತು ಹಾಡುತ್ತಿದ್ದಳು. ಹಾಡು ಆ ಪಟ್ಟಿಯ ಹತ್ತಿರ ಬಂದಾಗ ಅವರು ಬೆರಳು ಎತ್ತುತ್ತಿದ್ದರು, ಇವಳು ಆ ಸ್ವರಕ್ಕೆ ಮಾತ್ರ ದನಿಯನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. ಫ್ರಾಕು ಹಾಕುವ ವಯಸ್ಸಿನಿಂದಲೂ ಅದೇ ರೂಢಿ. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಹಾಡಲು ಕುಳಿತರೆ ಥೇಟ್ ನಮ್ಮ ಅತ್ತೆಯ ಉಚ್ಚಾರ. ಪೇಟಿಯಲ್ಲಿ ಕೊರತೆ ಇದೆ ಎಂದು ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅವಳು ಹನ್ನೆರಡನೇ ಕ್ಲಾಸು ಮುಗಿಸಿದಳು. ಮೈಸೂರಿನಲ್ಲಿ ಕಾಲೇಜು ಸೀಟು ಗಟ್ಟಿಯಾಯಿತು. ಆವಾಗ ನಮ್ಮವರಿಗೆ ರೀಡಿನ ಚಿಂತೆ ಹತ್ತಿತು.

"ಅಕಿ ಹೋಗೂದ್ರಾಗ ಇದನ್ನ ಸರಿ ಮಾಡಬೇಕು. ಅಕಿ ಹೋದಮ್ಯಾಲ ಆ ಸ್ವರ ಯಾರು ಹಾಡ್ತಾರ?" ಎಂದರು ಒಂದು ದಿನ, ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡು.

ಅದೇ ದಿನಗಳಲ್ಲಿ ಅವರ ಫೋನಿಗೆ ಒಂದು ವಿಡಿಯೋ ಬಂತು. ಪ್ಯಾರಿಸ್ಸಿನ ಒಂದು ಗಲ್ಲಿಯಲ್ಲಿ ಅಕಾರ್ಡಿಯನ್ ರಿಪೇರಿ ಮಾಡುವ ಮುದುಕ. ಬೆನ್ನ ಹಿಂದೆ ಗೋಡೆ ತುಂಬ ಮರದ ಸಣ್ಣ ಸಣ್ಣ ಡ್ರಾಯರುಗಳು. ಒಂದನ್ನು ಎಳೆದು ತೋರಿಸುತ್ತಾನೆ, ಒಳಗೆ ಹಳೆಯ ಹಾರ್ಮೋನಿಯಂ ರೀಡುಗಳು, ನಮ್ಮ ಪೇಟಿಯವುಗಳ ಒಡಹುಟ್ಟಿದವರ ಹಾಗೆ. ಆ ವಿಡಿಯೋ ನೋಡಿ ನೋಡಿ ನನ್ನ ತಲೆ ಚಿಟ್ಟು ಹಿಡಿಸಿದರು. ಪೋಸ್ಟಿನಲ್ಲಿ ತರಿಸಿರಿ ಎಂದೆ. ಕೈಯಲ್ಲಿ ಹಿಡಿದು, ಊದಿ, ಕಿವಿಯಿಂದ ಕೇಳಿ ಆರಿಸಬೇಕಂತೆ.

ಮಗಳು ಹೋಗುವ ಮುಂಚೆ ಮೂವರೂ ಎಲ್ಲಿಗಾದರೂ ಹೋಗಬೇಕೆಂದು ಮೊದಲೇ ಇತ್ತು. ರೂವಿ ಬಸ್ ಸ್ಟ್ಯಾಂಡಿನ ಹತ್ತಿರದ ಏಜೆಂಟರ ಹತ್ತಿರ ಅಗ್ಗದ ಯುರೋಪ್ ಟೂರು ಇತ್ತು. ಬಸ್ಸಿನಲ್ಲಿ ಊರಿಂದೂರಿಗೆ ಓಡಿಸುವುದು, ಪ್ಯಾರಿಸ್ಸಿನಲ್ಲಿ ಮಾತ್ರ ಒಂದು ದಿನ ನಮ್ಮ ಇಷ್ಟಕ್ಕೆ ಬಿಡುವುದು. ಎರಡು ಬ್ಯಾಚುಗಳಿದ್ದವು. ಒಂದರಲ್ಲಿ ಆ ಬಿಡುವಿನ ದಿನ ಶುಕ್ರವಾರ, ಇನ್ನೊಂದರಲ್ಲಿ ರವಿವಾರ.

"ಶುಕ್ರವಾರ ಬ್ಯಾಡಪಾ, ಅಂಗಡಿ ಮುಚ್ಚಿದ್ರ ಏನು ಮಾಡೂದು? ರವಿವಾರದ್ದ ತಗೊಳ್ಳೂಣು" ಎಂದರು ನಮ್ಮವರು ನನ್ನ ಕಡೆ ತಿರುಗಿ.

"ಹೌದ್ರಿ, ರವಿವಾರನ ಚಲೋ" ಎಂದೆ ನಾನು. ಹಿಂದಿಯಲ್ಲಿ ಹೇಳಿದಾಗ ಕೇರಳದ ಏಜೆಂಟರೂ ತಲೆಯಾಡಿಸಿದರು. ಅವರೂ ನಮ್ಮಂತೆ ಇಲ್ಲೇ ಕೂದಲು ಬೆಳ್ಳಗಾದವರು. ಇಲ್ಲಿ ಶುಕ್ರವಾರ, ಶನಿವಾರ ರಜೆ, ರವಿವಾರ ಆಫೀಸು, ಸ್ಕೂಲು, ಎಲ್ಲ ಶುರು. ನಮ್ಮ ಕೆಳಗಿನ ಮನೆಯ ನರ್ಸು ಚರ್ಚಿಗೆ ಹೋಗುವುದು ಸಹ ಶುಕ್ರವಾರವೇ.

ಆ ರವಿವಾರ ಬೆಳಿಗ್ಗೆ ಹೋಟೆಲಿನ ನಾಷ್ಟಾದ ಬಾಳೆಹಣ್ಣುಗಳನ್ನು ಮೆಲ್ಲಗೆ ನನ್ನ ಚೀಲಕ್ಕೆ ಇಳಿಸಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು. ಮುರಿದ ರೀಡು ಒಂದು ಮಾತ್ರೆ ಡಬ್ಬಿಯಲ್ಲಿ, ಡಬ್ಬಿ ನಮ್ಮವರ ಅಂಗಿಯ ಜೇಬಿನಲ್ಲಿ. ಊರೆಲ್ಲ ನಡೆದೇ ನೋಡುವುದು, ದಾರಿಯ ನಲ್ಲಿಗಳಲ್ಲಿ ಬಾಟಲಿ ತುಂಬಿಕೊಳ್ಳುವುದು, ಕೊನೆಗೆ ಆ ಗಲ್ಲಿ ಮುಟ್ಟುವುದು ಎಂದು ಗೊತ್ತು ಮಾಡಿದ್ದೆವು. ಟವರನ್ನು ಸೇತುವೆಯ ಮೇಲೆ ನಿಂತು ನೋಡಿದೆವು. ಮೇಲೆ ಹತ್ತೋಣ ಎಂದು ಮಗಳು ಅಂದಳು. "ಮ್ಯಾಲ ಹೋದ್ರ ಟವರ್ ಹ್ಯಾಂಗ ಕಾಣಬೇಕು? ಇಲ್ಲಿಂದನ ನೋಡು, ಪೂರ್ತಿ ಕಾಣ್ತದ" ಎಂದರು ನಮ್ಮವರು. "ಸೋ ಚೀಪ್, ಅಪ್ಪಾ" ಎಂದು ನಕ್ಕಳು. ಅಷ್ಟು ಸಂತೋಷದಲ್ಲಿದ್ದೆವು ನಾವು.

ದಾರಿಯುದ್ದಕ್ಕೂ ಅಂಗಡಿಗಳ ಷಟರು ಇಳಿದಿದ್ದವು. ಈ ಮಂದಿ ಏಳುವುದೇ ತಡ ಎಂದುಕೊಂಡೆವು. ಟಿಕೆಟಿಲ್ಲದ ಒಂದು ಚರ್ಚಿನೊಳಗೆ ಹೋದರೆ ಕೂಡಲು ಜಾಗವಿಲ್ಲ, ಗಂಟೆ ಬಾರಿಸುತ್ತಿದ್ದಾರೆ, ಮುದುಕಿಯರು ಒಳ್ಳೆಯ ಕೋಟು ಹಾಕಿಕೊಂಡು ಕುಳಿತಿದ್ದಾರೆ. "ಕೆಲಸದ ದಿನಾನೂ ಎಷ್ಟು ಭಕ್ತಿ ನೋಡು ಇವರಿಗೆ" ಎಂದು ನಮ್ಮವರು ಪಿಸುಗುಟ್ಟಿದರು. ನಾನು ಭಕ್ತಿಯಿಂದಲೇ ಕೈ ಮುಗಿದೆ. ಈಗ ನೆನಪಾದರೆ ಎದ್ದು ಹೋಗಿ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಎನಿಸುತ್ತದೆ. ದೇವರ ಮನೆಯಲ್ಲೇ ನಿಂತಿದ್ದೆವು, ಅಲ್ಲೂ ತಿಳಿಯಲಿಲ್ಲ.

ಗಲ್ಲಿ ಸಿಕ್ಕಾಗ ಮಧ್ಯಾಹ್ನ ಇಳಿದಿತ್ತು. ಅಂಗಡಿಯೂ ಸಿಕ್ಕಿತು. ಬೀಗ ಹಾಕಿತ್ತು.

ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಮಗಳು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಓದಿದಳು.

"ಅಪ್ಪಾ, ಟುಡೇ ಈಸ್ ಸಂಡೇ."

"ಹೂಂ, ಸಂಡೇನ. ಅದಕ್ಕ ಬಂದೀವಲ್ಲ."

"ಇಲ್ಲ ಅಪ್ಪಾ. ಇಲ್ಲಿ ಸಂಡೇ ಹಾಲಿಡೇ. ನಾಳೆ ಓಪನ್."

ಮರುದಿನ ಬೆಳಕು ಹರಿಯುವಾಗ ನಮ್ಮ ಬಸ್ಸು ಸ್ವಿಟ್ಜರ್‌ಲೆಂಡಿಗೆ ಹೊರಡುವುದಿತ್ತು. ಟಿಕೆಟು, ವೀಸಾ, ರೂಮು ಎಲ್ಲ ಆ ಬಸ್ಸಿನ ಜೊತೆ. ಹಿಂದೆ ಉಳಿಯುವ ಮಾತೇ ಇರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರಿಗೆ ಬೈಯಬೇಕು? ಗಂಡನಿಗೆ ಬೈಯೋಣವೆಂದರೆ ನಾನೇ ಹೌದೆಂದವಳು. ಏಜೆಂಟರು ಪಾಪ ತಲೆಯಾಡಿಸಿದವರು. ಕಡೆಗೆ ಆ ಊರಿಗೇ ಬೈದೆ. ಅಷ್ಟು ದೊಡ್ಡ ಪೇಟೆ, ವಾರಕ್ಕೊಂದು ದಿನ ಸೋಮಾರಿಗಳ ಹಾಗೆ ಮುಚ್ಚಿಕೊಂಡು ಕೂಡುತ್ತದಲ್ಲ ಎಂದೆ. ಯಾರೂ ನಗಲಿಲ್ಲ.

ನಮ್ಮವರು ಕಿಟಕಿಯ ಗಾಜಿಗೆ ಎರಡೂ ಅಂಗೈ ಹಚ್ಚಿ ಒಳಗೆ ನೋಡುತ್ತಿದ್ದರು. ಆ ಡ್ರಾಯರುಗಳು ಅಲ್ಲೇ ಕಾಣುತ್ತಿದ್ದವು, ವಿಡಿಯೋದಲ್ಲಿ ಇದ್ದ ಹಾಗೆಯೇ. "ಆ ಮ್ಯಾಲಿನ ಸಾಲಿನ್ಯಾಗ ಅವ" ಎಂದರು. ಮಾತ್ರೆ ಡಬ್ಬಿ ಮುಟ್ಟಿ ನೋಡಿಕೊಂಡರು.

"ಇಟ್ಸ್ ಓಕೆ ಅಪ್ಪಾ, ನಾ ಇದೀನಲ್ಲ" ಎಂದಳು ಮಗಳು.

"ಹೌದು, ನೀ ಅದೀಯಲ್ಲ" ಎಂದರು ಅವರು, ಅವಳ ಮುಖ ನೋಡದೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಉಳಿದ ರೊಟ್ಟಿ ತಿಂದೆವು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಹಸಿವಾಗಿತ್ತು, ತಿಂದೆವು.

ಮಸ್ಕತ್ತಿಗೆ ಬಂದು ಮುದುಕನಿಗೆ ಇಮೇಲ್ ಬರೆಸಿದೆವು, ಮತ್ತೊಮ್ಮೆ ಬರೆಸಿದೆವು. ಉತ್ತರ ಬರಲಿಲ್ಲ. ಮಗಳು ಮೈಸೂರಿಗೆ ಹೋದಳು.

ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಭಜನೆಯ ಸರದಿ ಬಂತು. ಎಲ್ಲರೂ ಸೇರಿದರು. ನಮ್ಮವರು ಪೇಟಿ ಮುಂದಿಟ್ಟುಕೊಂಡರು. ಅಪ್ಪ ಒಬ್ಬರೇ ಬಾರಿಸಬಾರದೆಂದು ಮಗಳು ಫೋನು ಮಾಡಿದ್ದಳು, ಹಾಸ್ಟೆಲಿನಿಂದಲೇ ಹಾಡುತ್ತೇನೆ ಎಂದಳು. ಸ್ಪೀಕರ್ ಹಾಕಿ ಫೋನನ್ನು ಪೇಟಿಯ ಮೇಲೆ ನಿಲ್ಲಿಸಿದೆ. ಹಾಡು ಆ ಜಾಗಕ್ಕೆ ಬಂತು, ಅವರು ಬೆರಳು ಎತ್ತಿದರು. ಸ್ವರ ಬರಲಿಲ್ಲ. ಫೋನಿನ ದಾರಿಯಲ್ಲಿ ತಡವಾಗಿ, ಮುಂದಿನ ಸಾಲಿಗೆ ಎಲ್ಲರೂ ದಾಟಿದ ಮೇಲೆ ಬಂತು, ಒತ್ತಿ ಹಿಡಿದ ಅದೇ ದನಿ, ಎಲ್ಲಕ್ಕೂ ಅಡ್ಡವಾಗಿ. ಇನ್ನೊಮ್ಮೆ ನೋಡೋಣ ಎಂದರು ನಮ್ಮವರು. ಈ ಸಲ ಬೆರಳೆತ್ತಿ ಕಾದರು. ಕಾಯುವುದು ಅವರಿಗೆ ಗೊತ್ತಿತ್ತು, ಹಾಡಿಗೆ ಗೊತ್ತಿರಲಿಲ್ಲ. ಉಳಿದವರ ತಾಳ ಒಡೆದುಹೋಯಿತು, ಚಪ್ಪಾಳೆಗಳು ಒಂದೊಂದಾಗಿ ನಿಂತವು.

"ಅಪ್ಪಾ, ಸರಿ ಬಂತಾ?" ಎಂದು ಅಲ್ಲಿಂದ ಕೇಳಿದಳು.

"ಬಂತವಾ, ಭಾಳ ಚಲೋ ಬಂತು" ಎಂದರು ನಮ್ಮವರು, ಪೇಟಿಯ ಗಾಳಿ ಬಿಡುತ್ತ. "ಇನ್ನ ಸಾಕು. ಊಟಕ್ಕ ಹೋಗು. ತಡಾ ಆದ್ರ ಮೆಸ್ಸು ಮುಚ್ಚಿಬಿಡ್ತಾರ."